ಕಪಾಟಿನ ಬಾಗಿಲ ಒಳಗಿನ ಫೋಟೊ

ನಮ್ಮ ಮನೆಗಳಲ್ಲಿ ಗೋಡೆಗೆ ಮನುಷ್ಯರ ಫೋಟೊ ತೂಗುಹಾಕುವ ರೂಢಿ ಕಡಿಮೆ. ಕಅಬಾದ ಚಿತ್ರ ಇರುತ್ತದೆ, ಆಯತುಲ್ ಕುರ್ಸಿ ಬರೆದ ಫ್ರೇಮ್ ಇರುತ್ತದೆ, ಗಲ್ಫಿನಿಂದ ಯಾರೋ ತಂದ ಗಡಿಯಾರ ಇರುತ್ತದೆ. ನನ್ನ ಅಜ್ಜಿಯ ಒಂದೇ ಒಂದು ಫೋಟೊ ನಮ್ಮಲ್ಲಿ ಉಳಿದಿದೆ, ಅದು ಮತದಾರರ ಗುರುತಿನ ಚೀಟಿಯದ್ದು. ಕುಪ್ಪಾಯ, ತುಣಿ, ತಲೆಗೆ ಬಟ್ಟೆ, ಕಿವಿ ತುಂಬ ಅಲಿಕತ್ತ್ ಹಾಕಿಕೊಂಡು ಅಂಗಳ ಗುಡಿಸುತ್ತಿದ್ದ ಅಜ್ಜಿ ನನ್ನ ಕಣ್ಣಲ್ಲಿದ್ದಾಳೆ. ಚೀಟಿಯಲ್ಲಿರುವುದು ಮಾತ್ರ ಕಪ್ಪು ಬಿಳುಪಿನ ಒಂದು ಮಬ್ಬು ಮುಖ.

ಅಂಥ ಮನೆಯಿಂದ ಬಂದ ನಾನು ಏಳು ವರ್ಷಗಳಿಂದ ಒಂದು ಫ್ಯಾಷನ್ ಫೋಟೊ ಇಟ್ಟುಕೊಂಡಿದ್ದೇನೆ. ಗೋಡೆಗಲ್ಲ, ಕಬ್ಬಿಣದ ಕಪಾಟಿನ ಎಡಗಡೆಯ ಬಾಗಿಲಿನ ಒಳಬದಿಗೆ ಅಂಟಿಸಿ. "ಫೋಟೊ ಇದ್ದ ಕೋಣೆಯಲ್ಲಿ ನಮಾಝ್ ಮಾಡ್ಬೇಡ" ಎಂದು ಉಮ್ಮ ಹೇಳಿದ್ದಕ್ಕೆ ನಾನು ಕಂಡುಕೊಂಡ ದಾರಿ ಅದು. ನಮಾಝಿನ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಶಾಲು ತೆಗೆಯಲು ಬಾಗಿಲು ತೆರೆದರೆ ಅದು ಕಾಣುತ್ತದೆ. ಪಿಜಿ ಬದಲಾಯಿತು, ಆಮೇಲೆ ಬಾಡಿಗೆ ಮನೆ ಬದಲಾಯಿತು. ಕಪಾಟಿನ ಜೊತೆಗೆ ಫೋಟೊ ಕೂಡ ಬಂತು.

2017ರಲ್ಲಿ ನಾನು ಬೆಂಗಳೂರಿಗೆ ಬಂದೆ. ಮಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದವರಿಗೆ ಗೊತ್ತು, ನೆಲಮಂಗಲ ದಾಟುವಾಗ ಕಂಡಕ್ಟರ್ ಲೈಟ್ ಹಾಕಿ "ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ" ಎಂದು ಕೂಗುತ್ತಾನೆ. ನಮ್ಮ ಊರಿನ ಹೆಚ್ಚಿನವರು ನಿದ್ದೆಗಣ್ಣಲ್ಲಿ ಮುಂದಕ್ಕೆ, ಮೆಜೆಸ್ಟಿಕ್ಕಿಗೋ ಶಿವಾಜಿನಗರಕ್ಕೋ ಹೋಗುವವರು. ನಾನು ಇಳಿದದ್ದು ಜಾಲಹಳ್ಳಿ ಕ್ರಾಸಿನಲ್ಲಿ. ಟೈಲರಿಂಗ್ ಮತ್ತು ಫ್ಯಾಷನ್ ಡಿಸೈನಿನಲ್ಲಿ ಒಂದು ಡಿಪ್ಲೊಮಾ ಕೈಯಲ್ಲಿತ್ತು. ಪೀಣ್ಯದ ಒಂದು ರಫ್ತು ಗಾರ್ಮೆಂಟ್ಸಿನ ಸ್ಯಾಂಪಲ್ ಸೆಕ್ಷನ್ನಿನಲ್ಲಿ ಅಸಿಸ್ಟೆಂಟ್ ಕೆಲಸ.

ಪೀಣ್ಯ ಎಂದರೆ ಲೇತು, ಡ್ರಿಲ್ಲಿಂಗು, ಪ್ಲೇಟಿಂಗು ಎಂದು ಮಾತ್ರ ತಿಳಿದವರು ಹೆಚ್ಚು. ಅದೇ ಬೀದಿಗಳಲ್ಲಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳೂ ಉಂಟು. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಗೇಟಿನ ಎದುರು ನಿಂತು ನೋಡಿದರೆ ಹೆಂಗಸರ ಸಾಲು, ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಿಂದ ಬಂದವರು, ಇತ್ತೀಚೆಗೆ ಒಡಿಶಾ, ಜಾರ್ಖಂಡಿನ ಹುಡುಗಿಯರೂ. ಒಳಗೆ ಹೋದರೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿನ ಬೋರ್ಡು. ಸೂಜಿ ಮುರಿದರೆ ಎಲ್ಲ ತುಂಡುಗಳನ್ನೂ ಹುಡುಕಿ ರಿಜಿಸ್ಟರಿಗೆ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಹೊರದೇಶದ ಮಗುವಿನ ಅಂಗಿಯಲ್ಲಿ ಸೂಜಿಯ ಮೊನೆ ಸಿಗಬಾರದಲ್ಲ. ಹೊಲಿದವರ ಹೆಸರು ಮಾತ್ರ ಆ ಅಂಗಿಯಲ್ಲಿ ಎಲ್ಲೂ ಇರುವುದಿಲ್ಲ.

ಈ ಹೆಂಗಸರು ಪತ್ರಿಕೆಯ ಮುಖಪುಟದ ಫೋಟೊಗಳಲ್ಲಿ ಬಂದದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದಿದ್ದರು. ಹೊಸೂರು ರಸ್ತೆಯೂ ಬಂದ್, ಪೀಣ್ಯದ ಕಡೆಯೂ ಬಂದ್. 19ರಂದೇ ಸರಕಾರ ಆ ನಿಯಮ ವಾಪಸು ಪಡೆಯಿತು. ನಾನು ಸೇರುವ ಹೊತ್ತಿಗೆ ಅದು ಹಳೇ ಕಥೆ. ಆದರೂ ಊಟದ ಹೊತ್ತಿಗೆ ನಮ್ಮ ಟೈಲರ್ ಅಕ್ಕಂದಿರು ಅದನ್ನು ಹೇಳುವಾಗ ಮುಖ ಅರಳುತ್ತಿತ್ತು. "ನನ್ನ ಫೋಟೊ ಪೇಪರಲ್ಲಿ ಬಂದಿತ್ತು ಕಣಮ್ಮ, ಬೆನ್ನು ಮಾತ್ರ ಕಾಣ್ತಿತ್ತು" ಎಂದು ಒಬ್ಬರು ನಗುತ್ತಿದ್ದರು.

ನನ್ನ ಫೋಟೊದ ಕಥೆ ಶುರುವಾದದ್ದು ಕಸದ ಬುಟ್ಟಿಯಿಂದ. ಸ್ಯಾಂಪಲ್ ಸೆಕ್ಷನ್ನಿನ ಪಕ್ಕದಲ್ಲಿ ಮರ್ಚಂಡೈಸರ್‌ಗಳ ಕೋಣೆ. ಅಲ್ಲಿ ಪ್ರತಿ ಸೀಸನ್ನಿಗೆ ಒಂದು ಮೂಡ್ ಬೋರ್ಡ್ ಮಾಡುತ್ತಾರೆ: ಬಣ್ಣದ ತುಂಡು, ಬಟ್ಟೆಯ ತುಂಡು, ಮ್ಯಾಗಝಿನ್‌ಗಳಿಂದ ತೆಗೆದ ಚಿತ್ರಗಳ ಪ್ರಿಂಟು. ಸೀಸನ್ ಮುಗಿದರೆ ಬೋರ್ಡ್ ಖಾಲಿ. 2018ರ ಮಳೆಗಾಲದಲ್ಲಿ ಹಾಗೆ ಖಾಲಿ ಮಾಡಿದ ಕಾಗದಗಳ ಮಧ್ಯೆ ಒಂದು ದೊಡ್ಡ ಕಲರ್ ಪ್ರಿಂಟ್ ಸಿಕ್ಕಿತು. ಬ್ರಿಟಿಷ್ 'ವೋಗ್' ಪತ್ರಿಕೆಯ 2018ರ ಮೇ ತಿಂಗಳ ಮುಖಪುಟ. ಒಂಬತ್ತು ಜನ ಹುಡುಗಿಯರು ಒತ್ತೊತ್ತಾಗಿ ಸೇರಿದ ಅಗಲದ ಫೋಟೊ. ತೆಗೆದವರು ಕ್ರೇಗ್ ಮ್ಯಾಕ್‌ಡೀನ್. ಒಂಬತ್ತು ಮಂದಿಯಲ್ಲಿ ಒಬ್ಬಳು ನಮ್ಮ ದೇಶದ ರಾಧಿಕಾ ನಾಯರ್. ಇನ್ನೊಬ್ಬಳ ತಲೆ ಮುಚ್ಚಿತ್ತು. ಅವಳು ಹಲೀಮಾ ಅದೆನ್.

ಹಲೀಮಾ ಹುಟ್ಟಿದ್ದು 1997ರಲ್ಲಿ, ಕೀನ್ಯಾದ ಕಕುಮಾ ನಿರಾಶ್ರಿತರ ಶಿಬಿರದಲ್ಲಿ. ಸೊಮಾಲಿಯಾದ ಯುದ್ಧದಿಂದ ಓಡಿಬಂದ ಕುಟುಂಬ. ಚಿಕ್ಕವಳಿರುವಾಗಲೇ ಅಮೆರಿಕಕ್ಕೆ ಹೋಗಿ ಮಿನ್ನೆಸೋಟ ರಾಜ್ಯದ ಸೇಂಟ್ ಕ್ಲೌಡ್ ಎಂಬ ಊರಿನಲ್ಲಿ ಬೆಳೆದಳು. ಅಲ್ಲಿನ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಿದ್ದಳು. 2016ರಲ್ಲಿ ಆ ರಾಜ್ಯದ ಸೌಂದರ್ಯ ಸ್ಪರ್ಧೆಗೆ ಹಿಜಾಬ್ ಹಾಕಿಕೊಂಡೇ ಹೋದಳು, ಈಜುಡುಪಿನ ಸುತ್ತಿಗೆ ಬುರ್ಕಿನಿ ಹಾಕಿದಳು. ಗೆಲ್ಲಲಿಲ್ಲ, ಸೆಮಿಫೈನಲ್‌ವರೆಗೆ ಬಂದಳು. ಆದರೆ ದೊಡ್ಡ ಮಾಡೆಲಿಂಗ್ ಏಜೆನ್ಸಿಯೊಂದು ಅವಳನ್ನು ಕರೆಯಿತು. ಅವಳು ಸಹಿ ಹಾಕುವಾಗ ತನ್ನ ಹಿಜಾಬ್ ತೆಗೆಸುವಂತಿಲ್ಲ, ಬಟ್ಟೆ ಬದಲಾಯಿಸಲು ತನಗೆ ಪ್ರತ್ಯೇಕ ಮರೆ ಬೇಕು ಎಂದು ಒಪ್ಪಂದದಲ್ಲೇ ಬರೆಸಿಕೊಂಡಿದ್ದಳು. 1916ರಲ್ಲಿ ಶುರುವಾದ ಬ್ರಿಟಿಷ್ 'ವೋಗ್'ನ ಮುಖಪುಟದಲ್ಲಿ ಹಿಜಾಬ್ ಹಾಕಿದ ಹುಡುಗಿ ಬಂದದ್ದು ಅದೇ ಮೊದಲು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಫೋನಿನಲ್ಲಿ ಹುಡುಕಿ ಓದಿ. ಮೊದಲ ದಿನ ನಾನು ನೋಡಿದ್ದು ಬೇರೆ. ಆ ಸಾಲಿನಲ್ಲಿ ಅವಳು ಬದಿಗೆ ಸರಿದು ನಿಂತಿರಲಿಲ್ಲ. ಒಂಬತ್ತರಲ್ಲಿ ಒಬ್ಬಳು, ಅಷ್ಟೇ. ನಮ್ಮ ಸೆಕ್ಷನ್ನಿನ ಇಪ್ಪತ್ತು ಜನರಲ್ಲಿ ಶಾಲು ಹಾಕುವವಳು ನಾನೊಬ್ಬಳೇ. ಹೊರಗಿನ ಬಯರ್ ಬಂದು ಗ್ರೂಪ್ ಫೋಟೊ ತೆಗೆಯುವಾಗ "ನೀವು ಸ್ವಲ್ಪ ಆಚೆ, ಹಿಂದೆ" ಎಂದು ಯಾರಾದರೂ ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರಿಗೆ ಅದು ಫ್ರೇಮಿನ ವಿಷಯ. ನಾನೂ ಹೇಳುವ ಮೊದಲೇ ಹಿಂದೆ ಹೋಗಿ ನಿಲ್ಲಲು ಕಲಿತಿದ್ದೆ. ಪ್ರಿಂಟನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಮರುವರ್ಷ ವೈಟ್‌ಫೀಲ್ಡ್ ಕಡೆಯ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ ಉಂಟೆಂದು ಗೊತ್ತಾಯಿತು. ಆನ್‌ಲೈನ್ ಅಂಗಡಿಗಳಿಗೆ ಬಟ್ಟೆಯ ಫೋಟೊ ತೆಗೆದು ಕೊಡುವವರು. ನೀವು ಫೋನಿನಲ್ಲಿ ಪೆರ್ನಾಲಿಗೆ ಕುರ್ತಿ ಹುಡುಕುವಾಗ ಬೆರಳಲ್ಲಿ ಜಾರಿಸುತ್ತೀರಲ್ಲ, ಆ ಫೋಟೊಗಳು. ಇಂಥ ವ್ಯಾಪಾರದ ದೊಡ್ಡ ಹೆಸರುಗಳಾದ ಫ್ಲಿಪ್‌ಕಾರ್ಟ್, ಮಿಂತ್ರಾ ಎರಡೂ 2007ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವು. ಹಾಗಾಗಿ ಈ ಕೆಲಸಕ್ಕೆ ಇಲ್ಲಿ ಜನ ಬೇಕು. ಸ್ಟೈಲಿಸ್ಟಿನ ಅಸಿಸ್ಟೆಂಟ್, ತಿಂಗಳಿಗೆ ಐದು ಸಾವಿರ ಹೆಚ್ಚು. ಇಂಟರ್‌ವ್ಯೂನಲ್ಲಿ ಶಾಲಿನ ಬಗ್ಗೆ ಕೇಳಿದರು. ಶಾಲು ತೆಗೆಯುವುದಿಲ್ಲ, ಲುಹರ್‌ಗೆ ಹದಿನೈದು ನಿಮಿಷ ಬೇಕು ಎಂದೆ. ಹಲೀಮಾ ಬರೆಸಿಕೊಂಡಿದ್ದಳು, ನಾನು ಬಾಯಲ್ಲಿ ಹೇಳಿದೆ. "ಪ್ರಾಬ್ಲಮ್ ಇಲ್ಲ" ಎಂದು ಅವರೂ ಬಾಯಲ್ಲೇ ಹೇಳಿದರು.

ಆಗ ವೈಟ್‌ಫೀಲ್ಡಿಗೆ ಮೆಟ್ರೊ ಇರಲಿಲ್ಲ. ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ಬೈಯಪ್ಪನಹಳ್ಳಿ, ಆಮೇಲೆ ಬಸ್ಸು, ಟಿನ್ ಫ್ಯಾಕ್ಟರಿಯ ಹತ್ತಿರ ಅರ್ಧ ಆಯುಷ್ಯ. ಒಂದು ತಿಂಗಳಲ್ಲಿ ಸಾಕಾಗಿ ಅಲ್ಲೇ ಹತ್ತಿರ ಪಿಜಿ ಹಿಡಿದೆ.

ಸ್ಟುಡಿಯೋದ ಕೆಲಸ ನನಗೆ ಇಷ್ಟವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಿಳಿ ಗೋಡೆ, ಅದರ ಬುಡ ನೆಲಕ್ಕೆ ಬಾಗಿ ಸೇರಿರುತ್ತದೆ, ಮೂಲೆಯೇ ಕಾಣದ ಹಾಗೆ. ಮಾಡೆಲ್ ಹುಡುಗಿ ದಿನಕ್ಕೆ ಹತ್ತಾರು ಸಲ ಬಟ್ಟೆ ಬದಲಾಯಿಸಬೇಕು. ನಾವು ಸ್ಟೀಮ್ ಇಸ್ತ್ರಿ ಹಿಡಿದು ಕಾಯಬೇಕು. ಬಟ್ಟೆ ಅವಳ ಅಳತೆಯದ್ದಲ್ಲ, ಕಂಪೆನಿ ಕಳಿಸಿದ ಸ್ಯಾಂಪಲ್. ದೊಗಲೆ ಇದ್ದರೆ ಬೆನ್ನಿನ ಹಿಂದೆ ಕ್ಲಿಪ್ ಹಾಕಿ ಎಳೆದು ಬಿಗಿ ಮಾಡುತ್ತೇವೆ. ಅಂಚು ಮಡಿಸಿ ಡಬಲ್ ಟೇಪ್ ಅಂಟಿಸುತ್ತೇವೆ. ಚಪ್ಪಲಿಯ ತಳಕ್ಕೂ ಟೇಪ್, ಕೊಳೆಯಾಗದೆ ವಾಪಸು ಕಳಿಸಲಿಕ್ಕೆ. ಮುಂದಿನಿಂದ ನೋಡಿದರೆ ಅವಳಿಗೇ ಹೊಲಿದ ಹಾಗಿರುತ್ತದೆ. ಹಿಂದೆ ಬಂದು ನೋಡಿದರೆ ಮುಳ್ಳುಹಂದಿ! ಎಷ್ಟೋ ಫೋಟೊಗಳಲ್ಲಿ ಮೂಗಿನ ಕೆಳಗೆ ಕತ್ತರಿಸಿ ಬಿಡುತ್ತಾರೆ, ತಲೆಯೇ ಇರುವುದಿಲ್ಲ. ಬಟ್ಟೆ ಕಂಡರೆ ಸಾಕು. ತಲೆಯೇ ಇಲ್ಲದ ಕಡೆ ನನ್ನ ತಲೆಯ ಶಾಲು ಇಷ್ಟು ದೊಡ್ಡ ವಿಷಯ ಯಾಕಾಯಿತೋ.

ಯಾರೂ "ತೆಗಿ" ಎಂದು ಹೇಳಲಿಲ್ಲ. ಮೊದಲು, ಕಪ್ಪು ಬಣ್ಣ ಡಲ್ ಕಾಣುತ್ತದೆ, ಬೇರೆ ಬಣ್ಣ ಹಾಕು ಎಂದರು. ಸರಿಯೇ, ಬಣ್ಣಕ್ಕೆ ಏನು. ಆಮೇಲೆ, ಶಾಲಿನ ತುದಿ ಲೈಟಿನ ಸ್ಟ್ಯಾಂಡಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆ ಕಟ್ಟು ಎಂದರು. ಅದೂ ನಿಜವೇ. ಆಮೇಲೆ ಕ್ಲೈಂಟ್ ಬರುವ ದಿನ ಮಾತ್ರ ಟರ್ಬನ್ ತರ ಸುತ್ತು, ಸ್ಮಾರ್ಟ್ ಕಾಣ್ತದೆ ಎಂದರು. ಕ್ಲೈಂಟ್ ಬರುವ ದಿನ ವಾರಕ್ಕೊಂದು ಇದ್ದದ್ದು ಮೂರಾಯಿತು. ಕುತ್ತಿಗೆ ಕಂಡಿತು, ಕಿವಿ ಕಂಡಿತು. ಪ್ರತಿಯೊಂದೂ ನಗುತ್ತಲೇ ಹೇಳಿದ ಸಣ್ಣ ಸಣ್ಣ ಮಾತು, ಜಗಳ ಮಾಡಲು ಯಾವುದೂ ಸಾಲದು. ಲುಹರ್‌ನ ಹದಿನೈದು ನಿಮಿಷವೂ "ಈ ಸೆಟ್ ಮುಗಿಸಿ ಹೋಗು" ಎಂದು ಅಸರ್‌ವರೆಗೆ ಹೋಗತೊಡಗಿತು. ಬೆಳಿಗ್ಗೆ ಕಪಾಟು ತೆರೆದರೆ ಹಲೀಮಾ ಇದ್ದಳಲ್ಲ, ಅಷ್ಟು ದೊಡ್ಡವಳಾದವಳೇ ಫ್ಯಾಷನ್ನಿಗೆ ತಕ್ಕ ಹಾಗೆ ಸುತ್ತಿಕೊಳ್ಳುತ್ತಾಳೆ, ನನ್ನದೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳ ಫೋಟೊವನ್ನು ನಾನು ಧೈರ್ಯಕ್ಕೆ ಇಟ್ಟುಕೊಂಡಿದ್ದೆ, ಅದು ನೆಪಕ್ಕೂ ಒದಗಿತು.

ಉಮ್ಮ ವೀಡಿಯೊ ಕಾಲಿನಲ್ಲಿ ಒಂದು ದಿನ ಕೇಳಿದರು, "ನಿನ್ನ ಶಾಲು ತಿಂಗಳು ತಿಂಗಳು ಸಣ್ಣ ಆಗ್ತಾ ಉಂಟಲ್ಲಾ, ಎಂತ, ಒಗೆದು ಕುಗ್ಗಿದ್ದಾ?"

ನಾನು ನಕ್ಕು ಬಿಟ್ಟೆ. ಆದರೆ ಸ್ಯಾಂಪಲ್ ಸೆಕ್ಷನ್ನಿನಲ್ಲಿ ಇದ್ದವಳಿಗೆ ಆ ಮಾತು ಮರೆಯುವುದಿಲ್ಲ. ಹೊಸ ಬಟ್ಟೆ ಬಂದರೆ ನಾವು ಮೊದಲು ಮಾಡುವುದೇ ಶ್ರಿಂಕೇಜ್ ಟೆಸ್ಟ್. ಚೌಕಾಕಾರದ ತುಂಡು ಕತ್ತರಿಸಿ, ಅಳತೆಯ ಗುರುತು ಹಾಕಿ, ಒಗೆದು, ಒಣಗಿಸಿ ಮತ್ತೆ ಅಳೆಯುವುದು. ಕಣ್ಣಿಗೆ ಏನೂ ಕಾಣುವುದಿಲ್ಲ. ಟೇಪ್ ಹಿಡಿದರೆ ಗೊತ್ತಾಗುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಸ್ಟುಡಿಯೋ ಮುಚ್ಚಿತು. ಊರಿಗೆ ಹೋದೆ. ಸಂಬಳ ಎರಡು ತಿಂಗಳು ಅರ್ಧ ಬಂತು, ಆಮೇಲೆ ಅದೂ ಇಲ್ಲ. ಮಾಸ್ಕ್ ಹೊಲಿದು ಕೊಟ್ಟೆ, ನೆರೆಕರೆಯವರ ನೈಟಿ ಹೊಲಿದೆ. ಮನೆಯಲ್ಲಿ ಐದು ಹೊತ್ತಿಗೂ ಬಾಂಗ್ ಕೇಳುತ್ತದೆ, ಐದು ಹೊತ್ತೂ ನಮಾಝ್ ಸಿಕ್ಕಿತು. ಆ ನವೆಂಬರಿನಲ್ಲಿ ಒಬ್ಬಳು ಹಳೇ ಸಹೋದ್ಯೋಗಿ ವಾಟ್ಸ್ಆಪಿನಲ್ಲಿ ಒಂದು ಸುದ್ದಿ ಕಳಿಸಿದಳು, "ನಿನ್ನ ಹಲೀಮಾ ಕೆಲಸ ಬಿಟ್ಟಳಂತೆ."

ಓದಿದೆ. ಹಲೀಮಾ ಇನ್‌ಸ್ಟಾಗ್ರಾಮ್‌ನಲ್ಲಿ ತನ್ನ ಹಳೇ ಫೋಟೊಗಳನ್ನು ಒಂದೊಂದಾಗಿ ಹಾಕಿ ಅವುಗಳ ಹಿಂದಿನ ಕಥೆ ಬರೆದಿದ್ದಳು. ಹಿಜಾಬ್ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಯಿತು. ಒಂದು ಜಾಹೀರಾತಿಗೆ ಶಾಲಿನ ಬದಲು ಜೀನ್ಸ್ ಪ್ಯಾಂಟನ್ನೇ ತಲೆಗೆ ಸುತ್ತಿದ್ದರು. ನಮಾಝ್ ತಪ್ಪುತ್ತಿತ್ತು. ತನ್ನ ತಾಯಿ ಬಹಳ ಹಿಂದೆಯೇ ಬಿಡಲು ಹೇಳಿದ್ದರು. ಕೊರೊನಾದಿಂದ ಕೆಲಸ ನಿಂತಾಗ ಯೋಚಿಸಲು ಸಮಯ ಸಿಕ್ಕಿತು. ಅವಳು ಬೇರೆಯವರನ್ನು ಮಾತ್ರ ದೂರಲಿಲ್ಲ, ಅವಕಾಶದ ಆಸೆಗೆ ಬಿದ್ದದ್ದು ತನ್ನದೇ ತಪ್ಪು ಎಂದೂ ಬರೆದಿದ್ದಳು. ಇನ್ನೊಂದು ಕಾರಣವನ್ನೂ ಹೇಳಿದ್ದಳು: ಈ ಉದ್ಯಮದಲ್ಲಿ ಮುಸ್ಲಿಂ ಹೆಂಗಸರು ಸ್ಟೈಲಿಸ್ಟ್‌ಗಳಾಗಿ ಇಲ್ಲ.

ಆ ಮಾತನ್ನು ಎರಡು ಮೂರು ಸಲ ಓದಿದೆ. ಸ್ಟೈಲಿಸ್ಟ್ ಎಂದರೆ ಯಾರು? ಕ್ಲಿಪ್ ಹಾಕುವವಳು, ಟೇಪ್ ಅಂಟಿಸುವವಳು, ಮಾಡೆಲಿನ ಬೆನ್ನ ಹಿಂದೆ ನಿಲ್ಲುವವಳು. ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಫೋಟೊದಲ್ಲಿದ್ದವಳನ್ನು ನೋಡಿ ಅವಳ ಹಾಗೆ ಮುಂದೆ ನಿಲ್ಲುವ ಧೈರ್ಯ ಹುಡುಕುತ್ತಿದ್ದೆ. ಅವಳು ಹುಡುಕುತ್ತಿದ್ದದ್ದು ತನ್ನ ಹಿಂದೆ ನಿಲ್ಲುವ ಒಬ್ಬಳನ್ನು. ಜೀನ್ಸ್ ತಂದು ತಲೆಗೆ ಇಡುವಾಗ "ಇದು ಬೇಡ, ಇಲ್ಲಿ ಶಾಲು ಉಂಟು" ಎಂದು ಹೇಳಲು ಆ ಕೋಣೆಯಲ್ಲಿ ಒಬ್ಬಳಾದರೂ ಇದ್ದಿದ್ದರೆ ಎಂದು ಅನ್ನಿಸಿತು. ನಮ್ಮ ಸ್ಟುಡಿಯೋದ ಕೋಣೆಯಲ್ಲಿ ನಾನಿದ್ದೆ. ನನ್ನದೇ ಶಾಲಿಗೆ ನಾನು ಆ ಮಾತು ಹೇಳಿರಲಿಲ್ಲ.

ಮನೆಯಲ್ಲಿ ಕೆಲವರಿಗೆ ಖುಷಿಯಾಯಿತು. "ನೋಡು, ಕೊನೆಗೆ ಅವಳೂ ಬಿಟ್ಟಳು" ಎಂದು ಸಂಬಂಧದಲ್ಲಿ ಒಬ್ಬರು ನನ್ನನ್ನು ನೋಡಿಕೊಂಡು ಹೇಳಿದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅವಳು ಮನೆಯೊಳಗೆ ಕೂರಲು ಬಿಟ್ಟದ್ದಲ್ಲ. 2021ರಲ್ಲಿ ಇಸ್ತಾಂಬುಲ್‌ನ ಮೋದಾನಿಸಾ ಎಂಬ ಕಂಪೆನಿಗೆ ಶಾಲು, ಟರ್ಬನ್‌ಗಳನ್ನು ಡಿಸೈನ್ ಮಾಡಿದಳು. ಬಟ್ಟೆಯ ಕೆಲಸ ಬಿಡಲಿಲ್ಲ, ತನಗೆ ಸರಿ ಕಾಣುವ ಮೇಜಿಗೆ ಹೋಗಿ ಕೂತಳು.

2021ರ ಶುರುವಿನಲ್ಲಿ ಸ್ಟುಡಿಯೋದವರು ಮತ್ತೆ ಕರೆದರು. ಈ ಸಲ ನಾನು ಅದೇ ಎರಡು ವಿಷಯ, ಶಾಲು ಮತ್ತು ನಮಾಝಿನ ಹೊತ್ತು, ಮೇಲ್‌ನಲ್ಲಿ ಬರೆದು ಕಳಿಸಿ, ದಯವಿಟ್ಟು ಉತ್ತರದಲ್ಲಿ ಒಪ್ಪಿಗೆ ಬರೆಯಿರಿ ಎಂದೆ. ಉತ್ತರ ಬರಲಿಲ್ಲ. ಎರಡು ವಾರ ಕಾದೆ. ಉಪ್ಪನ ಔಷಧಿಯ ಖರ್ಚು, ತಂಗಿಯ ಫೀಸು ಎಲ್ಲ ತಲೆಯಲ್ಲಿತ್ತು. ಬಾಯಲ್ಲೇ ಒಪ್ಪಿಕೊಂಡು ಹೋಗಿದ್ದರೆ ಐದು ಸಾವಿರ ಹೆಚ್ಚು ಸಿಗುತ್ತಿತ್ತು ಎಂಬ ಲೆಕ್ಕ ಈಗಲೂ ಒಮ್ಮೊಮ್ಮೆ ಮಾಡುತ್ತೇನೆ. ಕೊನೆಗೆ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಯೂನಿಟ್‌ಗೆ ಪ್ಯಾಟರ್ನ್ ಕೆಲಸಕ್ಕೆ ಸೇರಿದೆ, ಸಂಬಳ ಕಡಿಮೆ. ಅಲ್ಲಿನ ಪ್ಯಾಟರ್ನ್ ಮಾಸ್ಟರ್ ತುಮಕೂರು ಕಡೆಯ ಹಿರಿಯರು, ಶುಕ್ರವಾರ ಹೊರಗಿನವರು ಯಾರಾದರೂ ಬಂದರೆ "ಒಂದರಿಂದ ಎರಡು ಆ ಹುಡುಗಿ ಇರಲ್ಲ" ಎಂದು ಅವರೇ ಹೇಳಿ ಕಳಿಸುತ್ತಾರೆ.

ಈಗ ಭಾನುವಾರಗಳಲ್ಲಿ ಇನ್ನೊಂದು ಕೆಲಸ ಹಿಡಿದಿದ್ದೇನೆ. ಬೆಂಗಳೂರಿನಲ್ಲಿರುವ ನಮ್ಮವರ ಮದುವೆಗಳಿಗೆ ಮದುಮಗಳನ್ನು ಸಿದ್ಧ ಮಾಡುವುದು. ಈಗಿನ ಮದುವೆ ಎಂದರೆ ಫೋಟೊ ಶೂಟ್ ಇಲ್ಲದೆ ಆಗುವುದಿಲ್ಲ, ಅದು ನಿಮಗೂ ಗೊತ್ತು. ಪಾರ್ಲರಿನವರು ಮೇಕಪ್ ಚಂದ ಮಾಡುತ್ತಾರೆ, ಶಾಲಿನ ವಿಷಯ ಬಂದಾಗ ಇಪ್ಪತ್ತು ಪಿನ್ನು ಚುಚ್ಚುತ್ತಾರೆ. ಎರಡು ಗಂಟೆಯಲ್ಲಿ ಹುಡುಗಿಗೆ ತಲೆನೋವು, ಶಿಫಾನ್ ಜಾರಿ ಹಿಂದೆ, ಫೋಟೊಗ್ರಾಫರ್ "ಸ್ವಲ್ಪ ಕೂದಲು ಕಂಡ್ರೂ ಚಂದವೇ" ಎನ್ನುತ್ತಾನೆ. ಪಿನ್ ಹೆಚ್ಚು ಮಾಡಿ ಪ್ರಯೋಜನ ಇಲ್ಲ, ಒಳಗಿನ ಟೊಪ್ಪಿ ಸರಿಯಿರಬೇಕು. ಕಾಟನ್ ಲೈಕ್ರಾ ರಿಬ್ ಬಟ್ಟೆಯಲ್ಲಿ ಅವಳ ತಲೆಯ ಅಳತೆಗೇ ಹೊಲಿದರೆ ಮೇಲಿನ ಶಾಲಿಗೆ ಹಿಡಿತ ಸಿಗುತ್ತದೆ. ಶಿಫಾನ್ ಜಾರುತ್ತದೆ, ಜಾರ್ಜೆಟ್ ಅಷ್ಟು ಜಾರುವುದಿಲ್ಲ. ಅಳತೆ ತೆಗೆಯಲು ಒಂದು ವಾರ ಮೊದಲೇ ಹೋಗುತ್ತೇನೆ. ಶೂಟಿನ ಹೊತ್ತಿಗೆ ನಾನು ಮದುಮಗಳ ಹಿಂದೆ, ಫ್ರೇಮಿನ ಹೊರಗೆ ನಿಂತಿರುತ್ತೇನೆ. ಅಲ್ಲಿ ನಿಲ್ಲಲು ಈಗ ಬೇಸರವಿಲ್ಲ.

ತಂಗಿಯ ವಿಷಯ ಹೇಳದೆ ಈ ಫೋಟೊದ ಕಥೆ ಮುಗಿಯುವುದಿಲ್ಲ. 2022ರ ಆರಂಭದಲ್ಲಿ ಅವಳು ಕರಾವಳಿಯ ಒಂದು ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿಯಲ್ಲಿದ್ದಳು. ಆ ಫೆಬ್ರವರಿಯಲ್ಲಿ ಏನೆಲ್ಲ ಆಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿಯಾದರು. ಇವೆರಡರ ನಡುವೆ ನಮ್ಮ ಮನೆಯಲ್ಲಿ ಒಬ್ಬಳು ಹುಡುಗಿ ಪರೀಕ್ಷೆ ಬರೆದಳು. ಹೇಗೆ ಬರೆದಳು ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಬಿಸಿಎ ಮಾಡಿದಳು, ಈ ವಿಷಯ ಬಂದರೆ ಎದ್ದು ಹೋಗುತ್ತಿದ್ದಳು.

ಡಿಗ್ರಿ ಮುಗಿಸಿ ಕಳೆದ ವರ್ಷ ಅವಳು ಇಂಟರ್‌ವ್ಯೂಗೆಂದು ನನ್ನಲ್ಲಿಗೆ ಬಂದಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್‌ವ್ಯೂ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಪೀಣ್ಯದಿಂದ ಅಲ್ಲಿಗೆ ಹೋಗುವುದು ಮೊದಲಿನಷ್ಟು ಕಷ್ಟವಲ್ಲ, ಆರ್.ವಿ. ರೋಡಿನಲ್ಲಿ ಇಳಿದು ಬದಲಾಯಿಸಿದರೆ ಆಯಿತು. ಬೆಳಿಗ್ಗೆ ಏಳಕ್ಕೆ ಕಪಾಟಿನ ಎದುರು ಶಾಲು ಆರಿಸುತ್ತಾ ನಿಂತವಳು ಬಾಗಿಲಿನ ಒಳಗೆ ಕಣ್ಣು ಹಾಕಿದಳು. ಪ್ರಿಂಟಿನ ಕೆಂಪು ಬಣ್ಣವೆಲ್ಲ ಹಾರಿ ಹೋಗಿ ಈಗ ಅದು ನೀಲಿ ನೀಲಿ.

"ಇವಳು ಅವಳಲ್ವಾ? ಇವಳ ಕೆಲಸ ಹೋಯ್ತಲ್ಲಾ?"

"ಹೋದದ್ದಲ್ಲ, ಅವಳೇ ಬಿಟ್ಟದ್ದು."

"ಬಿಟ್ಟವಳ ಫೋಟೊ ನೀನು ಯಾಕೆ ಇಟ್ಕೊಂಡದ್ದು?"

ಉತ್ತರ ನನ್ನ ಬಾಯಿಗೆ ಬರಲಿಲ್ಲ. ಹೊತ್ತಾಗಿತ್ತು ಬೇರೆ. "ಸುಮ್ಮನಿರು, ತಲೆ ಈಚೆ ತಿರುಗಿಸು" ಎಂದೆ. ಒಳಗಿನ ಟೊಪ್ಪಿ ಹಿಂದಿನ ರಾತ್ರಿಯೇ ಹೊಲಿದಿಟ್ಟಿದ್ದೆ. ಜಾರ್ಜೆಟ್ ಶಾಲು, ಗಲ್ಲದ ಕೆಳಗೆ ಒಂದೇ ಪಿನ್ನು. ಅವಳು ತಲೆ ಆಚೆ ಈಚೆ ಅಲ್ಲಾಡಿಸಿ ನೋಡಿದಳು, ಜಾರಲಿಲ್ಲ. "ಅಲ್ಲಿ ಇದರ ಬಗ್ಗೆ ಕೇಳಿದ್ರೆ ಎಂತ ಹೇಳುದು?" ಎಂದಳು. 2022ರ ನಂತರ ಅವಳು ಈ ವಿಷಯ ತಾನಾಗಿ ಎತ್ತಿದ್ದು ಅದೇ ಮೊದಲು.

"ಏನು ಹೇಳ್ತೀಯೋ ಅದನ್ನು ಮೇಲ್‌ನಲ್ಲಿ ಬರೆಸಿಕೋ" ಎಂದೆ.

ಅವಳು ಹೋದ ಮೇಲೆ ಕಪಾಟು ಮುಚ್ಚುವಾಗ ಫೋಟೊದ ಒಂದು ಮೂಲೆಯ ಟೇಪ್ ಬಿಟ್ಟಿತ್ತು. ಹಳೇ ಟೇಪ್ ಹಳದಿಯಾಗಿ ಒಣಗಿ ಹೋಗಿದೆ. ಹೊಸದು ಹಚ್ಚಿ ಕೆಲಸಕ್ಕೆ ಹೊರಟೆ. ತಂಗಿ ಆ ದಿನ ಎರಡನೇ ಸುತ್ತು ದಾಟಿದಳು, ಆಮೇಲೆ ಮೂರು ವಾರ ಸದ್ದಿಲ್ಲ. ನಾಲ್ಕನೇ ವಾರ ಆಫರ್ ಲೆಟರ್ ಬಂತು. ಅವಳು ಅದಕ್ಕೆ ಸಹಿ ಹಾಕುವ ಮೊದಲು ಒಂದು ಮೇಲ್ ಬರೆದು, ಕಳಿಸಲಾ ಎಂದು ನನಗೆ ತೋರಿಸಿದಳು. ನಾಲ್ಕೇ ಸಾಲು. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.